ಹಯಾ ಬೇರೆ, ಜನರ ಭಯ ಬೇರೆ

ಚಾಮರಾಜಪೇಟೆಯ ನಮ್ಮ ಮಸೀದಿಗೆ ಬರುತ್ತಿದ್ದ ಒಬ್ಬ ಯುವಕ ಪ್ರತಿ ಜುಮುಆದಲ್ಲೂ ಖುತ್ಬಾ ಮುಗಿಯುವ ಹೊತ್ತಿಗೆ ಒಳಬಂದು, ಚಪ್ಪಲಿ ಬಿಡುವ ಜಾಗದ ಪಕ್ಕ ಕೊನೆಯ ಸಫ್ಫಿನಲ್ಲಿ ನಿಂತು, ಸಲಾಮ್ ಹೇಳಿದ ಕೂಡಲೇ ಎದ್ದು ಹೋಗಿಬಿಡುತ್ತಿದ್ದ. ನಾವು ಅದನ್ನು ಉದಾಸೀನವೆಂದುಕೊಂಡೆವು. ಒಂದು ಶುಕ್ರವಾರ ಮಿಂಬರಿನಿಂದಲೇ, ಹೆಸರು ಹೇಳದೆ, ಕೊನೆಗೆ ಬಂದು ಮೊದಲು ಹೋಗುವವರ ಬಗ್ಗೆ ಎರಡು ಮಾತು ಆಡಿದೆವು. ಜನ ಹಿಂದಕ್ಕೆ ತಿರುಗಿ ನೋಡಿದರು. ಮುಂದಿನ ವಾರದಿಂದ ಆತ ಬರಲಿಲ್ಲ.

ಎರಡು ತಿಂಗಳ ನಂತರ ಆತನ ತಾಯಿ ನಮ್ಮ ಮನೆಗೆ ಬಂದು ನಮ್ಮ ಮನೆಯವರ ಮುಂದೆ ಕಣ್ಣೀರಿಟ್ಟರು. ಹುಡುಗ ಓದಿನಲ್ಲಿ ಮುಂದು. ಆದರೆ ವೈವಾ ಇರುವ ದಿನ ಬೆಳಿಗ್ಗೆ ವಾಂತಿ. ವಲೀಮಾದಲ್ಲಿ ಊಟಕ್ಕೆ ಕುಳಿತರೆ ಕೈ ನಡುಗುತ್ತದೆ, ತುತ್ತು ಬಾಯಿಗೆ ಹೋಗದು. ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟರೂ ಕೇಳದೆ ಬರುತ್ತಾನೆ. ಮಸೀದಿಗೆ ತಡವಾಗಿ ಬರುತ್ತಿದ್ದುದು ಯಾರಾದರೂ ಮಾತಾಡಿಸಿಯಾರು ಎಂಬ ಭಯದಿಂದ. ಮನೆಯಲ್ಲಿ ಮಾತ್ರ ಎಲ್ಲರೂ ‘ಬಹಳ ಹಯಾ ಇರುವ ಹುಡುಗ’ ಎಂದು ಹೊಗಳುತ್ತಾ ಬಂದಿದ್ದರು.

ಆ ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇವೆ. ಕಳೆದ ಜುಮುಆದ ಖುತ್ಬಾದಲ್ಲಿ ಹೇಳಿದ್ದರ ಜತೆಗೆ ಸಮಯ ಸಾಲದೆ ಬಿಟ್ಟದ್ದನ್ನೂ ಇಲ್ಲಿ ಸೇರಿಸಿದ್ದೇವೆ.

ಹಯಾ ಈಮಾನಿನ ಒಂದು ಶಾಖೆಯೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅದು ಮನುಷ್ಯನನ್ನು ಕೆಟ್ಟದ್ದರಿಂದ ತಡೆಯುತ್ತದೆ. ಇಲ್ಲಿ ನಾವು ಹೇಳುತ್ತಿರುವ ಭಯವಾದರೋ ಒಳ್ಳೆಯದರಿಂದಲೇ ತಡೆಯುತ್ತದೆ: ಜಮಾಅತಿನಿಂದ, ಓದಿನಿಂದ, ದುಡಿಮೆಯಿಂದ, ಸಂಬಂಧಿಕರ ಮನೆಗೆ ಹೋಗುವುದರಿಂದ. ನಾಚಿಕೆ ಸ್ವಭಾವದವರು ಮೊದಲ ಹತ್ತು ನಿಮಿಷ ಮುದುಡಿಕೊಂಡಿದ್ದು ಆಮೇಲೆ ಬೆರೆಯುತ್ತಾರೆ. ಈ ಕಾಯಿಲೆಯವರು ವಾರದ ಮುಂಚೆಯೇ ಕಂಗಾಲಾಗಿ, ಹೋಗದಿರಲು ನೆಪ ಹುಡುಕಿ, ಹೋಗಿ ಬಂದರೂ ‘ಎಲ್ಲರೂ ನನ್ನನ್ನೇ ನೋಡಿ ನಕ್ಕರು’ ಎಂದು ರಾತ್ರಿಯಿಡೀ ಕೊರಗುತ್ತಾರೆ. ಇದು ಆರು ತಿಂಗಳು ಮೀರಿ ನಿಂತು ದಿನದ ಬದುಕಿಗೇ ಅಡ್ಡಿಯಾದರೆ ವೈದ್ಯರು ಅದನ್ನು ಸೋಷಿಯಲ್ ಆಂಗ್ಸೈಟಿ ಡಿಸಾರ್ಡರ್, ಅಂದರೆ ಸಾಮಾಜಿಕ ಆತಂಕದ ಕಾಯಿಲೆ, ಎನ್ನುತ್ತಾರೆ. ಹೆಚ್ಚಾಗಿ ಹದಿಹರೆಯದಲ್ಲಿ ಶುರುವಾಗುತ್ತದೆ. ಹೆಣ್ಣುಮಕ್ಕಳಲ್ಲಿದ್ದರೆ ನಮ್ಮಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ‘ನಮ್ಮ ಹುಡುಗಿ ತಲೆ ಎತ್ತಿ ಮಾತಾಡುವುದಿಲ್ಲ’ ಎಂದು ಸಂಬಂಧ ಕೇಳಿಕೊಂಡು ಬಂದವರಿಗೆ ಹೆಮ್ಮೆಯಿಂದ ಹೇಳುತ್ತೇವೆ.

ಇದನ್ನು ಈಮಾನಿನ ಕೊರತೆ ಎನ್ನುವವರು ಪ್ರವಾದಿ ಮೂಸಾ(ಅ)ರ ವೃತ್ತಾಂತವನ್ನು ಮತ್ತೊಮ್ಮೆ ಓದಬೇಕು. ಫಿರ್‌ಔನನ ಬಳಿಗೆ ಹೋಗಬೇಕೆಂಬ ಆಜ್ಞೆಯಾದಾಗ ಅವರು ತಮ್ಮ ಎದೆ ಇಕ್ಕಟ್ಟಾಗುತ್ತದೆ, ನಾಲಿಗೆ ಹರಿಯುವುದಿಲ್ಲ ಎಂದು ಅಲ್ಲಾಹನಲ್ಲಿ ನಿವೇದಿಸಿಕೊಂಡದ್ದು ಸೂರಃ ಅಶ್ಶುಅರಾದಲ್ಲಿದೆ. ಎದೆಯನ್ನು ವಿಶಾಲಗೊಳಿಸಲು, ನಾಲಿಗೆಯ ಗಂಟು ಬಿಚ್ಚಲು, ಸಹೋದರ ಹಾರೂನ್(ಅ)ರನ್ನು ಜತೆ ಮಾಡಿಕೊಡಲು ಬೇಡಿಕೊಂಡದ್ದು ಸೂರಃ ತಾಹಾದಲ್ಲಿದೆ. ಮೂಸಾ(ಅ)ರಿಗೆ ಈ ಕಾಯಿಲೆಯಿತ್ತೆಂದು ನಾವು ಹೇಳುತ್ತಿಲ್ಲ, ಹಾಗೆ ಹೇಳುವ ಅಧಿಕಾರವೂ ನಮಗಿಲ್ಲ. ಗಮನಿಸಬೇಕಾದದ್ದು ಅವರಿಗೆ ಸಿಕ್ಕ ಉತ್ತರವನ್ನು. ಅಲ್ಲಾಹನು ಅವರನ್ನು ಗದರಲಿಲ್ಲ; ಬೇಡಿದ್ದನ್ನು ಕೊಟ್ಟನು. ಹಾಗೆಂದು ಹೋಗುವುದು ಬೇಡವೆಂದೂ ಹೇಳಲಿಲ್ಲ. ಜತೆಗೊಬ್ಬರನ್ನು ಕೊಟ್ಟು ಫಿರ್‌ಔನನ ಬಳಿಗೇ ಕಳುಹಿಸಿದನು.

ಈ ಕಾಯಿಲೆಗೆ ಇಂದು ಇರುವ ಮುಖ್ಯ ಚಿಕಿತ್ಸೆಯನ್ನು ಮನಶ್ಶಾಸ್ತ್ರಜ್ಞರೊಬ್ಬರು ನಮಗೆ ವಿವರಿಸಿದಾಗ ನೆನಪಾದದ್ದು ಇದೇ ವೃತ್ತಾಂತ. ಅದಕ್ಕೆ ಸಿಬಿಟಿ ಎನ್ನುತ್ತಾರೆ. ಯೋಚನೆ ಮತ್ತು ನಡವಳಿಕೆ ಎರಡನ್ನೂ ತಿದ್ದುವ ಮಾತಿನ ಚಿಕಿತ್ಸೆ. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಹನ್ನೆರಡರಿಂದ ಹದಿನಾರು ಭೇಟಿ. ಭಯಪಡುವ ಸಂಗತಿಗಳನ್ನು ಏಣಿಯ ಮೆಟ್ಟಿಲಿನಂತೆ ಸಣ್ಣದರಿಂದ ದೊಡ್ಡದಕ್ಕೆ ಬರೆದುಕೊಳ್ಳುತ್ತಾರೆ. ನಮ್ಮ ಯುವಕನ ಮೊದಲ ಮೆಟ್ಟಿಲು ಬೀದಿಯ ಹಾಲಿನ ಅಂಗಡಿಯವರಿಗೆ ತಾನೇ ಮೊದಲು ಸಲಾಮ್ ಹೇಳುವುದು. ಆಮೇಲೆ ಗಾಂಧಿ ಬಜಾರಿಗೆ ಹೋಗಿ ಮೂರು ಅಂಗಡಿಯಲ್ಲಿ ಬೆಲೆ ಕೇಳಿ ಏನೂ ಕೊಳ್ಳದೆ ಬರುವುದು. (ಇದು ನಮಗೂ ಕಷ್ಟವೇ.) ಆಮೇಲೆ ಬಸ್ಸಿನಲ್ಲಿ ಕಂಡಕ್ಟರನ್ನು ಕೂಗಿ ಚಿಲ್ಲರೆ ಕೇಳುವುದು, ನಾಲ್ಕು ಜನರೊಂದಿಗೆ ಕುಳಿತು ಊಟ ಮಾಡುವುದು, ಹೀಗೆ.

ಪ್ರತಿ ಮೆಟ್ಟಿಲಿಗೂ ಮುಂಚೆ ಏನಾಗುತ್ತದೆಂದು ಹೆದರುತ್ತೇನೆಂಬುದನ್ನು ಚೀಟಿಯಲ್ಲಿ ಬರೆಯಬೇಕು. ಬಂದ ಮೇಲೆ ನಿಜವಾಗಿ ಏನಾಯಿತೆಂದು ಬರೆಯಬೇಕು. ಭಯ ಏರುವಾಗ ಅರ್ಧದಲ್ಲಿ ಓಡಿ ಬರಬಾರದು. ಓಡಿದಾಗ ಸಿಗುವ ನಿರಾಳವೇ ಮುಂದಿನ ಸಲದ ಭಯಕ್ಕೆ ಗೊಬ್ಬರ. ಮೊಬೈಲ್ ನೋಡುವಂತೆ ನಟಿಸುವುದು, ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವುದು, ಮೂಲೆ ಹಿಡಿಯುವುದು ಕೂಡ ಒಂದು ಬಗೆಯ ಓಟವೇ. ತನ್ನ ಎದೆಬಡಿತ, ಬೆವರನ್ನೇ ಗಮನಿಸುತ್ತಾ ಕೂರುವ ಬದಲು ಎದುರಿನವರ ಮಾತಿಗೆ ಕಿವಿಗೊಡುವ ಅಭ್ಯಾಸವನ್ನೂ ಮಾಡಿಸುತ್ತಾರೆ.

ತಂದೆತಾಯಿಯರೂ ಇಲ್ಲಿ ಒಂದು ವಿಷಯ ತಿಳಿಯಬೇಕು. ಮಗುವಿನ ಪರವಾಗಿ ನಾವೇ ಉತ್ತರ ಕೊಡುತ್ತೇವೆ, ಅಂಗಡಿಗೆ ತಮ್ಮನನ್ನು ಕಳುಹಿಸುತ್ತೇವೆ, ಅತಿಥಿ ಬಂದರೆ ಕೋಣೆಯಲ್ಲಿರಲು ಬಿಡುತ್ತೇವೆ. ಪ್ರೀತಿಯಿಂದ ಮಾಡುವ ಈ ಉಪಕಾರ ಕಾಯಿಲೆಗೆ ಅನ್ನ ಹಾಕಿದಂತೆ. ಎಲ್ಲರ ಮುಂದೆ ಎಳೆತಂದು ‘ಮಾತಾಡು’ ಎಂದು ಗದರುವುದು ಅದಕ್ಕಿಂತ ಕೆಟ್ಟದ್ದು. ನಾವು ಮಿಂಬರಿನಿಂದ ಮಾಡಿದ್ದು ಅದನ್ನೇ.

ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಸರ್ಟ್ರಾಲಿನ್, ಎಸಿಟಾಲೊಪ್ರಾಮ್, ಪಾರೊಕ್ಸೆಟಿನ್ ಎಂಬ ಒಂದೇ ಗುಂಪಿನ ಔಷಧಿಗಳನ್ನು ವೈದ್ಯರು ಹೆಚ್ಚಾಗಿ ಬರೆಯುತ್ತಾರೆ. ಇವು ನುಂಗಿದ ದಿನವೇ ಕೆಲಸ ಮಾಡುವುದಿಲ್ಲ. ಗುಣ ಕಾಣಲು ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು, ನಿದ್ದೆ ಕೆಡುವುದು, ಚಡಪಡಿಕೆ ಉಂಟು. ಇದೇ ಹಂತದಲ್ಲಿ ‘ಔಷಧಿ ಹಿಡಿಸಲಿಲ್ಲ’ ಎಂದು ಎಸೆಯುವವರು ಬಹಳ. ಇಪ್ಪತ್ತೈದರ ಒಳಗಿನವರನ್ನು ಆರಂಭದ ವಾರಗಳಲ್ಲಿ ಮನೆಯವರು ಗಮನಿಸುತ್ತಿರಬೇಕು. ಸಾವಿನ ಮಾತು ಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಗುಣವಾದ ಮೇಲೂ ಆರರಿಂದ ಹನ್ನೆರಡು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಿ ನಿಲ್ಲಿಸುತ್ತಾರೆ.

‘ಇದು ನಶೆಯಲ್ಲವೇ, ಹರಾಮ್ ಅಲ್ಲವೇ’ ಎಂದು ಹಲವರು ನಮ್ಮನ್ನು ಕೇಳಿದ್ದಾರೆ. ಈ ಗುಂಪಿನ ಮಾತ್ರೆಗಳು ಅಮಲೇರಿಸುವುದಿಲ್ಲ, ಚಟ ಹಿಡಿಸುವುದಿಲ್ಲ. ಚಟ ಹಿಡಿಸುವುದು ಅಲ್ಪ್ರಜೋಲಮ್‌ನಂಥ ಮಾತ್ರೆ. ಪಕ್ಕದ ಮನೆಯವರ ಹಳೆಯ ಚೀಟಿ ತೋರಿಸಿ ಅದನ್ನು ತಂದು ನುಂಗುವುದನ್ನು ನಮ್ಮ ಬೀದಿಗಳಲ್ಲೇ ಕಂಡಿದ್ದೇವೆ, ಅದು ಬೇಡ. ಭಾಷಣ, ಸಂದರ್ಶನದಂಥ ಒಂದು ದಿನದ ನಡುಕಕ್ಕೆ ಪ್ರೊಪ್ರನೊಲೋಲ್ ಕೊಡುವುದುಂಟು, ಆದರೆ ಆಸ್ತಮಾ ಇರುವವರಿಗೆ ಅದು ಅಪಾಯ. ರಮಝಾನಿನ ಚಿಂತೆಯೂ ಬೇಡ. ಮೊದಲು ಹೇಳಿದ ಮಾತ್ರೆಗಳು ಸಾಮಾನ್ಯವಾಗಿ ದಿನಕ್ಕೊಂದೇ. ಸಹರಿಗೋ ಇಫ್ತಾರಿಗೋ ಹೊಂದಿಸಿಕೊಡಲು ವೈದ್ಯರನ್ನು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ.

ದಮ್ ಮಾಡಿಸುವುದು, ದುಆ ಮಾಡುವುದು ಬಿಡಿ ಎಂದು ನಾವು ಹೇಳುವುದಿಲ್ಲ. ನಾವೂ ಆ ಹುಡುಗನ ತಲೆಯ ಮೇಲೆ ಕೈಯಿಟ್ಟು ಓದಿದ್ದೇವೆ. ಆದರೆ ಆ ತಾಯಿ ಮೂರು ವರ್ಷದಲ್ಲಿ ತಾವೀಝಿಗೆಂದು ಕೊಟ್ಟ ಹಣದಲ್ಲಿ ಒಂದು ಮಗುವಿನ ಶಾಲೆಯ ಫೀಸು ಕಟ್ಟಬಹುದಿತ್ತು. ಅಲ್ಲಾಹನು ಇಳಿಸಿದ ಪ್ರತಿ ರೋಗಕ್ಕೂ ಔಷಧಿಯನ್ನೂ ಇಳಿಸಿದ್ದಾನೆ, ಆದ್ದರಿಂದ ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ)ರು ಹೇಳಿದಾಗ ಮನಸ್ಸಿನ ರೋಗವನ್ನು ಹೊರಗಿಡಲಿಲ್ಲ. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹದ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಒಂದೇ ಗ್ರಂಥದಲ್ಲಿ ಬರೆದು, ಕೋಪ, ಭಯ, ದುಃಖ, ವಸ್ವಾಸ್ ಒಂದೊಂದಕ್ಕೂ ಬೇರೆ ಬೇರೆ ಪರಿಹಾರ ಚರ್ಚಿಸಿದ್ದರು. ಮದರಸದಲ್ಲಿ ಓದುವಾಗ ಈ ಹೆಸರು ನಮ್ಮ ಕಿವಿಗೆ ಬಿದ್ದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇವೆ.

ದೂರ ಹೋಗಬೇಕಾಗಿಯೂ ಇಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮ ಪೇಟೆಯಿಂದ ಕೆಲವೇ ಕಿಲೋಮೀಟರು. ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ 1974ರಲ್ಲಿ ಆದ ಸಂಸ್ಥೆ ಅದು. ದೇಶದ ಮೂಲೆಮೂಲೆಯಿಂದ ಜನ ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ನಾವೋ ಅದರ ಹೆಸರನ್ನು ಬೈಗುಳದಂತೆ ಬಳಸುತ್ತೇವೆ. ಅದೇ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿದೆ, ಕಾಯಿಲೆಯಿಂದ ಕಾಯಿಲೆಗೆ ಶೇ. 70ರಿಂದ 92ರಷ್ಟು ಮಂದಿ ಚಿಕಿತ್ಸೆಯಿಲ್ಲದೆ ಇದ್ದಾರೆ. ವಿಕ್ಟೋರಿಯಾ ಆಸ್ಪತ್ರೆ, ವಿ.ವಿ. ಪುರಂನ ಕಿಮ್ಸ್ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗಗಳಿವೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅಕ್ಟೋಬರ್ 2022ರಿಂದ ನಡೆಯುತ್ತಿದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆದರೆ ಈ ಕಾಯಿಲೆಯವರಿಗೆ ಫೋನಿನಲ್ಲಿ ಮಾತಾಡುವುದೇ ಒಂದು ಬೆಟ್ಟ. ಮೊದಲ ಸಲ ಮನೆಯವರು ನಂಬರ್ ಒತ್ತಿ, ನಾಲ್ಕು ಮಾತು ಹೇಳಿ, ಫೋನ್ ಅವರ ಕೈಗೆ ಕೊಟ್ಟರೆ ಒಳ್ಳೆಯದು.

‘ಹೊರಗೆ ಗೊತ್ತಾದರೆ ತಂಗಿಯ ಮದುವೆಗೆ ತೊಂದರೆ’ ಎಂಬ ಮಾತು ಆ ಮನೆಯಲ್ಲೂ ಬಂತು. ರೋಗಿಯ ಗುಟ್ಟನ್ನು ಕಾಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಆಸ್ಪತ್ರೆಯ ಹೊಣೆ. ವಿಮೆಯವರೂ ಮಾನಸಿಕ ಕಾಯಿಲೆಯನ್ನು ದೇಹದ ಕಾಯಿಲೆಯಂತೆಯೇ ಪರಿಗಣಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಮಹಿಳಾ ವೈದ್ಯರು ಬೇಕೆಂದು ಸಹೋದರಿಯರು ಸಂಕೋಚವಿಲ್ಲದೆ ಕೇಳಬಹುದು.

ಆ ಯುವಕನ ಮನೆಗೆ ಹೋಗಿ ನಾವು ಕ್ಷಮೆ ಕೇಳಿದೆವು. ಆತ ನೆಲ ನೋಡುತ್ತಾ ‘ಪರವಾಗಿಲ್ಲ ಹಝ್ರತ್’ ಅಂದ. ಚಿಕಿತ್ಸೆ ಶುರುವಾಗಿ ಐದು ತಿಂಗಳಾಗಿದೆ. ಏಣಿಯಲ್ಲಿ ಇನ್ನೂ ಮೆಟ್ಟಿಲುಗಳಿವೆ. ನಡುವೆ ಎರಡು ವಾರ ಏನೂ ಬೇಡವೆಂದು ಮಲಗಿದ್ದೂ ಉಂಟು. ಕಳೆದ ವಾರ ಅಸರ್ ನಮಾಝಿನಲ್ಲಿ ಒಂಬತ್ತು ಜನರಿದ್ದಾಗ ಆತನೇ ಇಕಾಮತ್ ಹೇಳಿದ. ದನಿ ನಡುಗಿತು. ಮುಅದ್ದಿನ್ ಸಾಹೇಬರಿಗೆ ಮೊದಲೇ ಹೇಳಿಟ್ಟಿದ್ದೆವು, ಯಾರೂ ‘ಶಾಬಾಶ್’ ಎನ್ನಬಾರದೆಂದು.

ಆಸ್ಪತ್ರೆಗೆ ಒಬ್ಬರೇ ಹೋಗಲು ಅಂಜುವವರು ಇಷಾದ ನಂತರ ನಮ್ಮನ್ನು ಕಾಣಬಹುದು, ಜತೆಗೆ ಬರುತ್ತೇವೆ. ನಿಮ್ಹಾನ್ಸ್‌ಗೆ ಬೆಳಿಗ್ಗೆ ಬೇಗ ಹೋಗಬೇಕು, ಸಾಲು ಉದ್ದ ಇರುತ್ತದೆ, ತಿಂಡಿ ಕಟ್ಟಿಕೊಂಡು ಬನ್ನಿ. ಸಹೋದರಿಯರು ನಮ್ಮ ಮನೆಯವರಿಗೆ ಹೇಳಿ ಕಳುಹಿಸಿದರೆ ಸಾಕು.