ರದ್ದಿಗೆ ಹೋದ ಹೆಸರು, ವಿಳಾಸ, ಸಹಿ

ಬಳೆ ಡಬ್ಬಗಳ ಸಂದಿಗೆ ತುರುಕಲೆಂದು ಮೂಟೆ ಕಟ್ಟಿಟ್ಟಿದ್ದ ಕಾಗದದ ಎಳೆಗಳು ಅವು. ಮೂಟೆಯ ಬಾಯಿಂದ ಒಂದನ್ನು ಎಳೆದು ಬೆಳಕಿಗೆ ಹಿಡಿದೆ. ಅಗಲ ಐದಾರು ಮಿಲಿಮೀಟರ್, ಉದ್ದ ಒಂದು ಗೇಣು. ಅಷ್ಟರಲ್ಲೇ ಒಂದು ಸಾಲು ಅಕ್ಷರ ಕೆಡದೆ ಕೂತಿತ್ತು: ಹೆಣ್ಣುಮಗಳೊಬ್ಬಳ ಹೆಸರು, ‘ಕೋಂ’ ಎಂದು ಗಂಡನ ಹೆಸರು, ವಯಸ್ಸು, ಮನೆ ನಂಬರು, ಕ್ರಾಸು, ಮೊಬೈಲ್ ಸಂಖ್ಯೆ. ಯಾವುದೋ ಅರ್ಜಿಯ ಹಾಳೆ. ಅದನ್ನು ಪಡೆದಿದ್ದ ಕಚೇರಿ ಶ್ರೆಡ್ಡರ್‌ಗೆ ಹಾಕಿಸಿಯೇ ಕಳಿಸಿತ್ತು. ತಮ್ಮ ಕರ್ತವ್ಯ ಮುಗಿಯಿತೆಂದು ಅಲ್ಲಿಯವರು ಭಾವಿಸಿರಬೇಕು.

ಇದು ಬೆಂಗಳೂರಿನ ಜಾಲಿ ಮೊಹಲ್ಲಾದ ಒಂದು ಗೋದಾಮು. ನಗರದ ಗುಜರಿ ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಬಲ್ಲವರಿಗೆ ಆ ಓಣಿಗಳ ಪರಿಚಯ ಬೇಕಿಲ್ಲ. ಗೋದಾಮಿನೊಳಗೆ ನ್ಯೂಸ್‌ಪೇಪರ್ ಒಂದು ಗುಡ್ಡೆ, ರಟ್ಟು ಒಂದು ಗುಡ್ಡೆ. ಕಚೇರಿಗಳಿಂದ ಬರುವ ಬಿಳಿ ಹಾಳೆ ಬೇರೆಯೇ ಗುಡ್ಡೆ. ಅದಕ್ಕೆ ಅಲ್ಲಿ ‘ವೈಟ್ ರೆಕಾರ್ಡ್’ ಎನ್ನುತ್ತಾರೆ. ಕಾಗದದ ಕಾರ್ಖಾನೆಗಳು ಅದಕ್ಕೆ ಒಳ್ಳೆಯ ಬೆಲೆ ಕೊಡುತ್ತವೆ. ಹಾಗಾಗಿ ರದ್ದಿಯಲ್ಲಿ ಎಲ್ಲಕ್ಕಿಂತ ಜೋಪಾನವಾಗಿ ಆರಿಸುವುದೂ ಅದನ್ನೇ, ನಮ್ಮ ಖಾಸಗಿ ವಿವರಗಳು ಹೆಚ್ಚು ತುಂಬಿರುವುದೂ ಅದರಲ್ಲೇ.

ನೆಲದ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂತ ಮಹಿಳೆಯರು ವಿಂಗಡಿಸುತ್ತಿದ್ದರು. ಅವರಲ್ಲಿ ಹಿರಿಯಳಾದ ಒಬ್ಬಾಕೆಯ ಪಕ್ಕದಲ್ಲಿ ಬಹಳ ಹೊತ್ತು ಕೂತೆ. ಹಾಳೆಯನ್ನು ಆಕೆ ನೋಡುವುದೇ ಇಲ್ಲ. ಹೆಬ್ಬೆರಳು ಸವರಿದರೆ ಸಾಕು, ಯಾವ ಜಾತಿಯ ಕಾಗದ ಎಂದು ಕೈಗೆ ತಿಳಿಯುತ್ತದೆ. ಸ್ಟೇಪ್ಲರ್ ಪಿನ್ನನ್ನು ಉಗುರಿನಿಂದ ಕಿತ್ತು ಡಬ್ಬಿಗೆ, ಪ್ಲಾಸ್ಟಿಕ್ ಕವರು ಒಂದು ಕಡೆ, ಹಾಳೆ ಇನ್ನೊಂದು ಕಡೆ. ಆಕೆಯ ಕೈಯಲ್ಲಿ ಹಾದುಹೋದವುಗಳನ್ನು ನೋಡಿದೆ: ಬಾಡಿಗೆ ಕರಾರು, ಸಾಲದ ಅರ್ಜಿ, ರಕ್ತಪರೀಕ್ಷೆಯ ವರದಿ, ಅಂಕಪಟ್ಟಿಯ ಜೆರಾಕ್ಸು, ಲಾಡ್ಜಿನಲ್ಲಿ ತಂಗಿದವರು ಕೊಟ್ಟ ಆಧಾರ್ ಪ್ರತಿಗಳ ಕಟ್ಟು. ಒಂದು ಹಾಳೆ ಬಂದಾಗ ಮಾತ್ರ ಕೈ ನಿಂತಿತು. ಮೂಲೆಗೆ ಅಂಟಿಸಿದ್ದ ಪಾಸ್‌ಪೋರ್ಟ್ ಅಳತೆಯ ಫೋಟೋ, ಅದರ ಮೇಲೆ ಅರ್ಧ ದಾಟಿದ ಸಹಿ. ಆಕೆ ಆ ಫೋಟೋವನ್ನು ನಡುವೆ ಸೀಳಿದಳು, ಮತ್ತೊಮ್ಮೆ ಅಡ್ಡ ಸೀಳಿದಳು.

‘ಯಾಕಕ್ಕಾ?’ ಎಂದೆ.

‘ಫೋಟೋ ಇರೋದು ಕೈಗೆ ಸಿಕ್ಕರೆ ಹರಿದೇ ಹಾಕೋದು ಸಾರ್. ಯಾರ ಮನೆ ಹೆಣ್ಮಕ್ಕಳೋ ಏನೋ.’

ಯಾರೂ ಹೇಳಿಕೊಟ್ಟಿದ್ದಲ್ಲ, ಇದಕ್ಕೆ ಕೂಲಿಯೂ ಇಲ್ಲ. ಆ ಹಾಳೆ ಅರ್ಜಿದಾರಳ ಕೈ ಬಿಟ್ಟ ಮೇಲೆ ಗುಮಾಸ್ತ, ಮ್ಯಾನೇಜರು, ಕಚೇರಿ ಸಹಾಯಕ, ಆಟೋದಲ್ಲಿ ತಂದ ಹುಡುಗ, ಹೀಗೆ ಎಷ್ಟೋ ಕೈಗಳನ್ನು ದಾಟಿ ಬಂದಿದೆ. ಅದರಲ್ಲಿರುವುದು ಒಬ್ಬ ಹೆಣ್ಣುಮಗಳ ಮುಖ ಎಂದು ನೆನೆದವಳು ಈಕೆ. ಆ ಓಣಿಯಿಂದ ಬಂದಾಗಿನಿಂದ ನನ್ನ ತಲೆಯಲ್ಲಿ ಕೂತಿರುವುದು ಇದೇ.

ಗೋದಾಮಿನ ಮಾಲೀಕರಿಗೂ ಮುಚ್ಚುಮರೆ ಇರಲಿಲ್ಲ. ‘ಓದೋಕೆ ಯಾರಿಗೆ ಟೈಮಿದೆ ಸಾರ್? ನಮಗೆ ತೂಕ ಮುಖ್ಯ. ಆದರೆ ಒಂದು ಕಡೆ ಖಾಲಿ ಇರೋ ಹಾಳೆ ಬೇಕು ಅಂತ ಬರ್ತಾರೆ, ಪೊಟ್ಟಣಕ್ಕೆ. ಅವರು ಯಾರು, ಏನು ಅಂತ ನಾವು ಕೇಳಲ್ಲ’ ಎಂದರು. ಪಟ್ಟಿಗಳ ಮೂಟೆ ಗಾಜಿನ ಸಾಮಾನು, ಬಳೆ ಪ್ಯಾಕ್ ಮಾಡುವವರಿಗೆ ಹೋಗುತ್ತದಂತೆ.

ನನ್ನ ಕೈಗೆ ಬಂದ ಎಳೆಯಲ್ಲಿ ಸಾಲು ಇಡಿಯಾಗಿ ಉಳಿದದ್ದು ಹೇಗೆ? ಪಟ್ಟಿ ಕತ್ತರಿಸುವ ಯಂತ್ರದ ಬ್ಲೇಡುಗಳು ಒಂದೇ ದಿಕ್ಕಿಗೆ ಕೊಯ್ಯುತ್ತವೆ. ಹಾಳೆಯನ್ನು ನೆಟ್ಟಗೆ ಕೊಟ್ಟರೆ ಪ್ರತಿ ಸಾಲೂ ಮೂವತ್ತು ಚಿಲ್ಲರೆ ತುಂಡಾಗುತ್ತದೆ. ಅಡ್ಡ ತಿರುಗಿಸಿ ಕೊಟ್ಟರೆ ಬ್ಲೇಡು ಎರಡು ಸಾಲುಗಳ ನಡುವಿನ ಬಿಳಿ ಜಾಗದಲ್ಲಿ ನುಸುಳಿ ಹೋಗಿ, ಒಂದೊಂದು ಸಾಲನ್ನೂ ಬಿಡಿಸಿ ಕೈಗಿಡುತ್ತದೆ. ಮನೆಗೆ ಶ್ರೆಡ್ಡರ್ ತರುವವರು ಬೇರೇನನ್ನೂ ಕೇಳದಿದ್ದರೂ ‘ಕ್ರಾಸ್ ಕಟ್ ಇದೆಯೇ’, ಅಂದರೆ ಉದ್ದಕ್ಕೂ ಅಡ್ಡಕ್ಕೂ ಕೊಯ್ಯುತ್ತದೆಯೇ, ಎಂದು ಕೇಳಲೇಬೇಕಾದದ್ದು ಇದಕ್ಕೇ.

ಯಂತ್ರದ ಚರಿತ್ರೆ ದೊಡ್ಡದೇನಲ್ಲ. ನ್ಯೂಯಾರ್ಕ್ ರಾಜ್ಯದ ಅಬಟ್ ಅಗಸ್ಟಸ್ ಲೋ 1909ರಲ್ಲಿ ಕಾಗದ ಕತ್ತರಿಸುವ ಕಸದ ಡಬ್ಬಿಯೊಂದಕ್ಕೆ ಪೇಟೆಂಟ್ ಪಡೆದ. ಅದು ಮಾರುಕಟ್ಟೆಗೆ ಬರಲಿಲ್ಲ. ನಿಜವಾಗಿ ಯಂತ್ರ ಮಾಡಿದವನು ಜರ್ಮನಿಯ ಅಡಾಲ್ಫ್ ಎಹಿಂಗರ್, 1935ರಲ್ಲಿ. ನಾಜಿ ವಿರೋಧಿ ಕರಪತ್ರಗಳು ಕಸದಲ್ಲಿ ಯಾರದೋ ಕಣ್ಣಿಗೆ ಬಿದ್ದವೆಂದು, ಅಡುಗೆಮನೆಯಲ್ಲಿ ಪಾಸ್ತಾ ಮಾಡುವ ಕೈಯಂತ್ರವನ್ನೇ ಮಾದರಿಯಾಗಿಟ್ಟುಕೊಂಡ ಎಂಬುದು ಪ್ರಚಲಿತ ಕಥೆ. ನಮ್ಮ ಶಾವಿಗೆ ಒತ್ತನ್ನು ನೋಡಿದವರಿಗೆ ಎಹಿಂಗರ್‌ನ ಯೋಚನೆ ಥಟ್ಟನೆ ಹೊಳೆಯುತ್ತದೆ, ಅದರ ದೌರ್ಬಲ್ಯವೂ ಹೊಳೆಯುತ್ತದೆ: ಎಳೆಗಳು ಪಕ್ಕಪಕ್ಕದಲ್ಲೇ ಬೀಳುತ್ತವೆ. 1979ರ ನವೆಂಬರ್ 4ರಂದು ಟೆಹರಾನಿನ ಅಮೆರಿಕ ರಾಯಭಾರ ಕಚೇರಿಗೆ ವಿದ್ಯಾರ್ಥಿಗಳು ನುಗ್ಗಿದಾಗ ಒಳಗಿದ್ದವರು ಅವಸರದಲ್ಲಿ ಹಾಕಿದ್ದು ಇಂಥದೇ ಯಂತ್ರಕ್ಕೆ. ಇರಾನಿಯರು ಎಳೆಗಳನ್ನು ಕೂರಿಸಿ ಕೂರಿಸಿ ಹಾಳೆ ಮಾಡಿ, ಸಂಪುಟಗಟ್ಟಲೆ ಅಚ್ಚು ಹಾಕಿದರು. ಈಗ ಅಮೆರಿಕದ ಅತಿ ಗೋಪ್ಯ ಕಾಗದ 1 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ಉದ್ದದ ಚೂರಾಗಬೇಕು.

ಕೈಯಲ್ಲಿ ಹರಿದರೇನಾಗುತ್ತದೆ ಎಂಬುದಕ್ಕೆ ಪೂರ್ವ ಜರ್ಮನಿಯದಕ್ಕಿಂತ ದೊಡ್ಡ ನಿದರ್ಶನವಿಲ್ಲ. ಈ ಕಥೆ ನನಗೆ ಅಚ್ಚುಮೆಚ್ಚು; ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. 1989ರ ಶರತ್ಕಾಲದಲ್ಲಿ ಬರ್ಲಿನ್ ಗೋಡೆ ಬಿದ್ದಾಗ ಅಲ್ಲಿನ ಗುಪ್ತ ಪೊಲೀಸ್ ಸಂಸ್ಥೆ ಸ್ಟಾಸಿ ತನ್ನ ಕಡತಗಳನ್ನು ಇಲ್ಲವಾಗಿಸಲು ಹೊರಟಿತು. ಯಂತ್ರಗಳು ಬಿಸಿಯಾಗಿ ಕೈಕೊಟ್ಟವು. ಸುಟ್ಟರೆ ಹೊಗೆ ಕಂಡು ಜನ ಬರುತ್ತಾರೆ. ಅಧಿಕಾರಿಗಳು ಕೂತು ಕೈಯಲ್ಲೇ ಹರಿದರು, ಎರಡಾಗಿ, ನಾಲ್ಕಾಗಿ, ಎಂಟಾಗಿ. ಹರಿದದ್ದನ್ನು ಚೀಲಗಳಿಗೆ ತುಂಬಿ ಬದಿಗಿಟ್ಟರು, ಆಮೇಲೆ ಸಾಗಿಸೋಣವೆಂದು. ಆ ‘ಆಮೇಲೆ’ ಬರುವ ಮೊದಲೇ, 1990ರ ಜನವರಿ 15ರಂದು, ಜನ ಬರ್ಲಿನ್‌ನ ಪ್ರಧಾನ ಕಚೇರಿಗೇ ನುಗ್ಗಿದರು. ಸಿಕ್ಕಿದ್ದು ಸುಮಾರು 16,000 ಚೀಲ.

1995ರಲ್ಲಿ ನ್ಯೂರೆಂಬರ್ಗ್ ಹತ್ತಿರದ ಜಿರ್ನ್‌ಡಾರ್ಫ್ ಎಂಬ ಊರಿನಲ್ಲಿ ಒಂದು ಪುಟ್ಟ ತಂಡ ಮೇಜುಗಳ ಮೇಲೆ ಚೂರುಗಳನ್ನು ಹರವಿಕೊಂಡು ಕೂತಿತು. ಮೊದಲು ಕಾಗದದ ಬಣ್ಣ, ಆಮೇಲೆ ಟೈಪಿನ ಗುರುತು, ಕೈಬರಹ, ಕೊನೆಗೆ ಹರಿದ ಅಂಚಿನ ಏರಿಳಿತ. ಹೊಂದಿದ್ದನ್ನು ಪಾರದರ್ಶಕ ಟೇಪಿನಿಂದ ಬೆಸೆಯುವುದು. ಹೀಗೆ ವರ್ಷಗಟ್ಟಲೆ ದುಡಿದು ಐನೂರಕ್ಕೂ ಹೆಚ್ಚು ಚೀಲ ಖಾಲಿ ಮಾಡಿ, ಹದಿನೈದು ಲಕ್ಷಕ್ಕೂ ಮಿಗಿಲಾದ ಪುಟಗಳನ್ನು ಮರಳಿ ತಂದರು. ಕ್ರೀಡಾಪಟುಗಳಿಗೆ ಉದ್ದೀಪನ ಮದ್ದು ಕೊಟ್ಟ ದಾಖಲೆ ಅಲ್ಲಿಂದ ಹೊರಬಂತು, ಸಾಹಿತಿಗಳ ಮೇಲೆ ಇಟ್ಟ ಬೇಹುಗಾರಿಕೆಯ ವರದಿಗಳೂ ಬಂದವು. 2007ರಲ್ಲಿ ಫ್ರೌನ್‌ಹೋಫರ್ ಸಂಸ್ಥೆ ಚೂರುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಜೋಡಿಸುವ ಪ್ರಯೋಗ ಆರಂಭಿಸಿತು. ದೊಡ್ಡ ನಿರೀಕ್ಷೆಯಿತ್ತು, ಮುಗಿದದ್ದು 23 ಚೀಲ. ಕೈಯವರೇ ಬಹಳ ಮುಂದಿದ್ದರು.

ಅಷ್ಟಾದರೂ ಸಾಧ್ಯವಾದದ್ದು ಒಂದೇ ಕಾರಣಕ್ಕೆ: ಒಂದು ಹಾಳೆಯ ಚೂರುಗಳೆಲ್ಲ ಸಾಮಾನ್ಯವಾಗಿ ಒಂದೇ ಚೀಲದಲ್ಲಿದ್ದವು. ಹರಿದ ಕೈ ಆ ಕ್ಷಣದಲ್ಲೇ ಪಕ್ಕದ ಚೀಲಕ್ಕೆ ಹಾಕಿತ್ತು. ನಾವು ಮನೆಯಲ್ಲಿ ಮಾಡುವುದೂ ಇದನ್ನೇ. ಬ್ಯಾಂಕಿನ ಕಾಗದವನ್ನು ನಾಲ್ಕು ಚೂರು ಮಾಡುತ್ತೇವೆ, ನಾಲ್ಕನ್ನೂ ಒಂದೇ ಬುಟ್ಟಿಗೆ ಹಾಕುತ್ತೇವೆ. ಕಸದಿಂದ ಎತ್ತಿದವನಿಗೆ ಒಂದು ನಿಮಿಷದ ಕೆಲಸ.

ಯಂತ್ರದ ಚೂರಿಗೂ ಪೂರ್ತಿ ಅಭಯವಿಲ್ಲ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2011ರಲ್ಲಿ ಐದು ಒಗಟು, ಹತ್ತು ಸಾವಿರಕ್ಕೂ ಮೇಲ್ಪಟ್ಟ ಚೂರು ಕೊಟ್ಟು, ಬಿಡಿಸಿದವರಿಗೆ 50,000 ಡಾಲರ್ ಬಹುಮಾನ ಇಟ್ಟಿತು. ಸ್ಯಾನ್‌ಫ್ರಾನ್ಸಿಸ್ಕೋದ ಒಂದು ತಂಡ 33 ದಿನದಲ್ಲಿ ಗೆದ್ದಿತು. ಜರ್ಮನ್ ಮಾನದಂಡ ಡಿಐಎನ್ 66399 ಕಾಗದದ ಚೂರಿಗೆ ಪಿ-1ರಿಂದ ಪಿ-7ರವರೆಗೆ ಏಳು ಹಂತ ಮಾಡಿರುವುದು ಇಂಥ ಭಯದಿಂದಲೇ. ಪಿ-2 ಎಂದರೆ ಆರು ಮಿಲಿಮೀಟರಿನ ಪಟ್ಟಿ, ಅಂದರೆ ಗೋದಾಮಿನ ಮೂಟೆಯಲ್ಲಿ ಸಿಕ್ಕಿದ್ದೇ. ಪಿ-4ರಲ್ಲಿ ಒಂದು ಚೂರು 160 ಚದರ ಮಿಲಿಮೀಟರ್ ಮೀರುವಂತಿಲ್ಲ, ಅಂದರೆ ಒಂದು ಎ4 ಹಾಳೆ ಕನಿಷ್ಠ 390 ಚೂರಾಗಬೇಕು. ಜನರ ಗುರುತಿನ ಕಾಗದಕ್ಕೆ ಇದಕ್ಕಿಂತ ಕಡಿಮೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನು ಏನನ್ನುತ್ತದೆ? ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ದೇಶ ಮುಗಿದ ಮೇಲೆ ಮಾಹಿತಿಯನ್ನು ಅಳಿಸಬೇಕು ಎನ್ನುತ್ತದೆ. ಒಳ್ಳೆಯ ಮಾತು. ಆದರೆ ಅದು ಅನ್ವಯಿಸುವುದು ಡಿಜಿಟಲ್ ರೂಪದಲ್ಲಿ ಪಡೆದ, ಇಲ್ಲವೇ ಕಾಗದದಲ್ಲಿ ಪಡೆದು ಆಮೇಲೆ ಡಿಜಿಟಲ್ ಮಾಡಿದ ಮಾಹಿತಿಗೆ. ಲಾಡ್ಜಿನ ಡ್ರಾಯರಿನಲ್ಲಿ ಜೆರಾಕ್ಸಾಗಿಯೇ ಉಳಿದು, ಜೆರಾಕ್ಸಾಗಿಯೇ ಗುಜರಿಗೆ ಹೋದ ಆಧಾರ್ ಪ್ರತಿ ಅದರ ಲೆಕ್ಕಕ್ಕಿಲ್ಲ. ಸರ್ಕಾರಿ ಕಡತವನ್ನು ನಿಯಮ ಮೀರಿ ನಾಶ ಮಾಡಿದವರಿಗೆ ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯಲ್ಲಿ ಐದು ವರ್ಷದವರೆಗೆ ಜೈಲಿದೆ. ಅದು ಇರಲೇಬೇಕು. ಜನರ ಕಾಗದವನ್ನು ನಾಶ ಮಾಡದೆ ತೂಕಕ್ಕೆ ಹಾಕಿದವರನ್ನು ಕೇಳುವ ಅಷ್ಟೇ ಗಟ್ಟಿಯಾದ ಸಾಲು ಕೂಡ ಬೇಕು.

2022ರ ಮೇ ತಿಂಗಳ ಪ್ರಸಂಗ ಓದುಗರಿಗೆ ನೆನಪಿರಬಹುದು. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ‘ಮಾಸ್ಕ್ಡ್’ ಪ್ರತಿ ಕೊಡಿ ಎಂದು ಪ್ರಕಟಣೆ ಹೊರಡಿಸಿತು. ಎರಡೇ ದಿನದಲ್ಲಿ, ತಪ್ಪು ಅರ್ಥಕ್ಕೆ ಎಡೆಯಾಗುತ್ತದೆಂದು ಕೇಂದ್ರ ಅದನ್ನು ಹಿಂಪಡೆಯಿತು. ಹಿಂಪಡೆದದ್ದು ಸರಿಯಲ್ಲವೆಂದು ನಾನು ಆಗಲೂ ನಂಬಿದ್ದೆ, ಗೋದಾಮು ನೋಡಿದ ಮೇಲಂತೂ ಆ ನಂಬಿಕೆ ಗಟ್ಟಿಯಾಗಿದೆ. ಮಾಸ್ಕ್ಡ್ ಪ್ರತಿ ಇಂದಿಗೂ ಪ್ರಾಧಿಕಾರದ ಜಾಲತಾಣದಲ್ಲಿ ಸಿಗುತ್ತದೆ. ಜೆರಾಕ್ಸು ಕೊಡಲೇಬೇಕಾದಲ್ಲಿ ಅದರ ಮೇಲೆ ಅಡ್ಡಲಾಗಿ, ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಎಂದು ಅಕ್ಷರಗಳ ಮೇಲೇ ಹಾಯುವಂತೆ ಬರೆದುಕೊಡಿ. ಇನ್ನೊಂದು ಕಡೆ ಅದನ್ನು ಬಳಸುವುದು ಕಷ್ಟವಾಗುತ್ತದೆ. ಕೆಲಸ ಮುಗಿದ ಮೇಲೆ ಇದನ್ನೇನು ಮಾಡುತ್ತೀರಿ ಎಂದು ಕೌಂಟರಿನಲ್ಲೇ ಕೇಳಿ. ಹೆಚ್ಚು ಜನ ಕೇಳಿದಷ್ಟೂ ಅವರು ಉತ್ತರ ಸಿದ್ಧಮಾಡಿಕೊಳ್ಳಬೇಕಾಗುತ್ತದೆ.

ಶ್ರೆಡ್ಡರ್ ಇಲ್ಲದ ಮನೆಗೆ ನಮ್ಮ ಅಜ್ಜಿಯರ ಕೆಲಸವೊಂದಿದೆ, ಅದು ಪಿ-7ಕ್ಕೂ ಮೇಲು. ಹಳೆಯ ಕಾಗದವನ್ನು ನೀರಿನಲ್ಲಿ ಎರಡು ಮೂರು ದಿನ ನೆನೆಹಾಕಿ, ನೆನೆದ ಮೆಂತ್ಯದ ಜೊತೆ ಒರಳಿನಲ್ಲಿ ರುಬ್ಬಿ, ಆ ಮುದ್ದೆಯನ್ನು ಬೋರಲು ಹಾಕಿದ ಪಾತ್ರೆಯ ಮೇಲೆ ಬಡಿದು ಒಣಗಿಸಿ ಬುಟ್ಟಿ ಮಾಡುತ್ತಿದ್ದರು. ಮೊರದ ಕಿಂಡಿ ಮುಚ್ಚಲಿಕ್ಕೂ ಅದೇ ಮುದ್ದೆ ಸವರುತ್ತಿದ್ದರು. ಕಾಗದದ ಕಾರ್ಖಾನೆಯ ಪಲ್ಪರ್ ಮಾಡುವುದೂ ಇದೇ ಕೆಲಸ: ನಾರು ನಾರಿನಿಂದ ಬಿಡಿಸಿಕೊಂಡ ಮೇಲೆ ಜೋಡಿಸಲು ಅಂಚೇ ಉಳಿಯುವುದಿಲ್ಲ. ಈಗ ಒರಳಿಲ್ಲದಿದ್ದರೆ ಬಕೆಟ್ಟು ಸಾಕು. ನೆನೆದ ಮೇಲೆ ಕೈಯಲ್ಲೇ ಚೆನ್ನಾಗಿ ಕಿವುಚಿ, ಉಂಡೆ ಕಟ್ಟಿ ಒಣಗಿಸಿ ಒಣಕಸಕ್ಕೆ ಕೊಡಿ; ಶಾಯಿ ಇರುವುದರಿಂದ ಗಿಡದ ಬುಡಕ್ಕೆ ಹಾಕಬೇಡಿ. ಲ್ಯಾಮಿನೇಟ್ ಮಾಡಿದ ಕಾರ್ಡು ಮಾತ್ರ ನೀರಿಗೆ ಜಗ್ಗುವುದಿಲ್ಲ. ಅದಕ್ಕೆ ಕತ್ತರಿಯೇ ಆಗಬೇಕು, ಸಂಖ್ಯೆಯ ಮೇಲಷ್ಟೇ ಆಡಿಸಿದರೆ ಸಾಲದು: ಆಧಾರ್‌ನ ಕ್ಯೂಆರ್ ಕೋಡಿನೊಳಗೆ ಹೆಸರು, ವಿಳಾಸ, ಫೋಟೋ ಎಲ್ಲವೂ ಇವೆ. ಆ ಚೌಕವನ್ನೇ ಉದ್ದುದ್ದ, ಅಡ್ಡಡ್ಡ ಸಣ್ಣಗೆ ಕತ್ತರಿಸಿ, ಅರ್ಧವನ್ನು ಈ ವಾರದ ಕಸಕ್ಕೆ, ಉಳಿದರ್ಧವನ್ನು ಮುಂದಿನ ವಾರದ ಕಸಕ್ಕೆ ಹಾಕಿ.