ಒತ್ತಿ ಎರೆದ ಅಲ್ಯೂಮಿನಿಯಂ

ಕೆಸುವಿನೆಲೆಯ ಮೇಲೆ ಬಿದ್ದ ನೀರು ಎಲೆಗೆ ಅಂಟದೆ ಮಣಿಯಾಗಿ ಉರುಳುತ್ತದಲ್ಲ, ಕರಗಿದ ಅಲ್ಯೂಮಿನಿಯಂ ಸಿಲಿಕಾನ್ ಕಾರ್ಬೈಡ್ ಪುಡಿಯೊಂದಿಗೆ ನಡೆದುಕೊಳ್ಳುವುದೂ ಹೆಚ್ಚುಕಡಿಮೆ ಹಾಗೆಯೇ. ಸಾಣೆಚಕ್ರಗಳಲ್ಲಿ ಬಳಸುವ ಈ ಗಡುಸು ಪುಡಿ ಹಗುರ ಲೋಹದೊಳಗೆ ಸೇರಿಕೊಂಡರೆ ಬೇಗ ಸವೆಯದ, ಬಿಸಿಗೆ ಸುಲಭವಾಗಿ ಸೋಲದ ಕಾಂಪೋಸಿಟ್ ಸಿಗುತ್ತದೆ. ಆದರೆ ಸೇರಬೇಕಲ್ಲ!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ ರೋಹಟ್ಗಿ ಮತ್ತು ಎಂ.ಕೆ. ಸುರಪ್ಪ ಇದರ ಬೆನ್ನು ಹತ್ತಿದವರು. ಸೆರಾಮಿಕ್ ಕಣಗಳನ್ನು ಬೆರೆಸಿ ಎರೆದ ಅಲ್ಯೂಮಿನಿಯಂ ಕುರಿತ ಅವರ 1981ರ ಪ್ರಬಂಧವನ್ನು ಈ ಕ್ಷೇತ್ರದವರು ಈಗಲೂ ನೆನೆಯುತ್ತಾರೆ. ಮೂಸೆಯಲ್ಲಿ ಕಲಕಿ ಎರೆಯುವುದು ಅಗ್ಗದ ದಾರಿ, ನಿಜ. ಆದರೆ ಮಜ್ಜಿಗೆ ಕಡೆದಾಗ ನೊರೆ ಏಳುವಂತೆ ಇಲ್ಲೂ ಕಲಕಿದಷ್ಟು ಗಾಳಿ ಒಳಸೇರುತ್ತದೆ. ಎರಕದಲ್ಲಿ ಉಳಿದ ಪ್ರತಿ ಗುಳ್ಳೆಯೂ ಬಿರುಕಿಗೆ ಬಾಗಿಲು.

ಒತ್ತಡದ ಎರಕ, ಅಂದರೆ ಸ್ಕ್ವೀಜ್ ಕಾಸ್ಟಿಂಗ್, ಇದಕ್ಕೊಂದು ಉತ್ತರ. ಬಿಸಿ ಮಾಡಿದ ಉಕ್ಕಿನ ಡೈಗೆ ಲೋಹ ಸುರಿದು, ಮೇಲಿನಿಂದ ಹೈಡ್ರಾಲಿಕ್ ಪ್ರೆಸ್ಸಿನ ಪಂಚ್ ಇಳಿಸಿ, ಗಟ್ಟಿಯಾಗುವ ತನಕ ಬಿಡದೆ ಅದುಮಿ ಹಿಡಿಯುತ್ತಾರೆ. ಸಾಮಾನ್ಯವಾಗಿ 50ರಿಂದ 150 ಮೆಗಾಪಾಸ್ಕಲ್. 100 ಅಂದರೆ ಕಾರಿನ ಟಯರಿನಲ್ಲಿರುವ ಒತ್ತಡದ 400 ಪಟ್ಟಿಗೂ ಮಿಗಿಲು! ಒಲ್ಲದ ಲೋಹ ಆಗ ಕಣಗಳ ಸಂದಿಗೆ ನುಗ್ಗಲೇಬೇಕು. ಅಲ್ಯೂಮಿನಿಯಂ ಗಟ್ಟಿಯಾಗುವಾಗ ಸುಮಾರು ಶೇಕಡಾ 6ರಷ್ಟು ಕುಗ್ಗುತ್ತದೆ. ಹಾಗೆ ತೆರವಾದ ಜಾಗಕ್ಕೂ ಒತ್ತಡವೇ ದ್ರವವನ್ನು ತಳ್ಳುತ್ತದೆ. ಕರಗಿದ್ದ ಹೈಡ್ರೋಜನ್ನಿಗೆ ಗುಳ್ಳೆ ಕಟ್ಟಲು ಎಡೆ ಸಿಗದು. ಡೈಗೆ ಒತ್ತಿಕೊಂಡ ಲೋಹ ಬೇಗ ತಣಿಯುವುದರಿಂದ ಅದರ ಹರಳುಗಳೂ ಸಣ್ಣವಾಗುತ್ತವೆ. ಬಲ ಹೆಚ್ಚುವುದು ಇವೆಲ್ಲ ಕೂಡಿ.

ಹಾಗಂತ ಒತ್ತಿದಷ್ಟೂ ಲಾಭವಿಲ್ಲ. ಸಂದಿಗಳೆಲ್ಲ ತುಂಬಿದ ಮೇಲೆ ಇನ್ನಷ್ಟು ಅದುಮಿದರೆ ಸಿಗುವುದು ಅತ್ಯಲ್ಪ. ಡೈ ಸವೆಯುತ್ತದೆ, ಪುಡಿಯ ಬದಲು ಸೆರಾಮಿಕ್ ನಾರಿನ ದಿಂಡನ್ನು ಡೈಯೊಳಗೆ ಮೊದಲೇ ಇಟ್ಟಿದ್ದರೆ ಅದು ನಜ್ಜುಗುಜ್ಜಾಗುತ್ತದೆ. ನನ್ನ ಮಟ್ಟಿಗೆ ಒತ್ತಡದ ಅಂಕಿಗಿಂತ ಹೊತ್ತು ದೊಡ್ಡದು. ಪಂಚ್ ತಡವಾಗಿ ಇಳಿದರೆ, ಅಷ್ಟರಲ್ಲಿ ಕೆನೆಗಟ್ಟಿದ ಲೋಹವೇ ಭಾರವನ್ನೆಲ್ಲ ಹೊತ್ತು ಒಳಗಿನ ದ್ರವಕ್ಕೆ ಏನೂ ಮುಟ್ಟಿಸುವುದಿಲ್ಲ.

1980ರ ದಶಕದ ಆರಂಭದಲ್ಲಿ ಜಪಾನಿನ ಟೊಯೊಟಾ ಡೀಸೆಲ್ ಪಿಸ್ಟನ್‌ಗಳನ್ನು ಹೀಗೆ ಎರೆಯಿತು. ಸೆರಾಮಿಕ್ ನಾರು ಹಾಕಿದ್ದು ರಿಂಗ್ ಕೂರುವ ತೋಡಿನ ಸುತ್ತ ಮಾತ್ರ, ಉಳಿದದ್ದು ಬರೀ ಅಲ್ಯೂಮಿನಿಯಂ. ಜಿಪುಣತನವಲ್ಲ ಅದು. ಸವೆತ ಇದ್ದದ್ದೇ ಅಲ್ಲಿ. ಮೇಲಾಗಿ ಸೆರಾಮಿಕ್ ಸೇರಿದ ಲೋಹವನ್ನು ಲೇತಿಗೆ ಕೊಟ್ಟರೆ ಮಾಮೂಲಿ ಟೂಲಿನ ಮೊನೆ ನೋಡನೋಡುತ್ತಲೇ ಮೊಂಡಾಗಿ, ವಜ್ರದ ಟೂಲನ್ನೇ ಹುಡುಕಬೇಕಾಗುತ್ತದೆ.