ಎದೆಹಾಲು ತೆಗೆಯಲು ಕೆಲಸದ ಜಾಗದಲ್ಲೊಂದು ಮರೆ

ಬೆಳಿಗ್ಗೆ ಮದ್ದೂರು, ಶಿವಪುರ, ಗೆಜ್ಜಲಗೆರೆಯ ರಸ್ತೆಬದಿಯಲ್ಲಿ ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸ್ ಗಾಡಿಗೆ ಕಾಯುವ ಹೆಣ್ಣುಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಶಾಲೆ, ಆಸ್ಪತ್ರೆ, ಅಂಗಡಿಗಳಿಗೆ ಹೊರಟವರೂ ಇರುತ್ತಾರೆ. ಅವರಲ್ಲಿ ನಾಲ್ಕೈದು ತಿಂಗಳ ಕೂಸನ್ನು ದಾದಿಯ ಅಥವಾ ನಾನಿಯ ಮಡಿಲಲ್ಲಿ ಬಿಟ್ಟು ಬಂದವರೂ ಉಂಟು. ಹನ್ನೊಂದು ಗಂಟೆಯ ಹೊತ್ತಿಗೆ ಅವರ ಎದೆ ಬಿಗಿದು ನೋಯತೊಡಗುತ್ತದೆ, ಹಾಲು ಸೋರಿ ಬಟ್ಟೆ ಒದ್ದೆಯಾಗುತ್ತದೆ. ಯಾರಿಗೂ ಹೇಳಲಾಗದೆ ಶೌಚಾಲಯಕ್ಕೆ ಹೋಗಿ ಹಿಂಡಿ ಚೆಲ್ಲಿ ಬರುತ್ತಾರೆ, ಇಲ್ಲವೇ ನೋವು ನುಂಗಿಕೊಂಡು ಕೂರುತ್ತಾರೆ. ಕೆಲವು ವಾರಗಳಲ್ಲಿ "ನನಗೆ ಹಾಲು ಬತ್ತಿಹೋಯಿತು" ಎಂದು ಡಬ್ಬಿ ಹಾಲಿನ ಮೊರೆ ಹೋಗುತ್ತಾರೆ.

ಹಾಲು ಬತ್ತಲು ಕಾರಣ ಕೆಲಸವಲ್ಲ. ಹೊತ್ತುಹೊತ್ತಿಗೆ ಅದನ್ನು ತೆಗೆಯಲು ಮರೆಯಾದ, ಶುಚಿಯಾದ ಜಾಗ ಸಿಗದಿರುವುದು.

ಹಾಲು ಕಡಿಮೆಯಾಗುವುದೇಕೆ?

ಎದೆಯಿಂದ ಹಾಲು ಎಷ್ಟು ಹೊರಬರುತ್ತದೆಯೋ ಅದಕ್ಕೆ ತಕ್ಕಂತೆ ದೇಹ ಹೊಸ ಹಾಲು ತಯಾರಿಸುತ್ತದೆ. ದಿನವೂ ಎಂಟು ಗಂಟೆ ಹಾಲು ತುಂಬಿಕೊಂಡೇ ಇದ್ದರೆ 'ಇಷ್ಟು ಬೇಡ' ಎಂದು ದೇಹ ತಿಳಿದುಕೊಳ್ಳುತ್ತದೆ. ಕಟ್ಟಿಕೊಂಡ ಹಾಲಿನಿಂದ ಎದೆ ಗಟ್ಟಿಯಾಗಿ, ಕೆಂಪಾಗಿ ಬಾವು ಬರಬಹುದು. ಜೊತೆಗೆ ಜ್ವರ, ಚಳಿ ಕಾಣಿಸಿಕೊಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಹಾಲು ಇಳಿಯಲು ಆಕ್ಸಿಟೋಸಿನ್ ಎಂಬ ಹಾರ್ಮೋನು ಬೇಕು. ಭಯ, ನಾಚಿಕೆ, ಆತುರ ಇದನ್ನು ತಡೆಯುತ್ತವೆ. ಯಾರಾದರೂ ಬಾಗಿಲು ತಳ್ಳಿಬಿಟ್ಟಾರೆಂಬ ಅಂಜಿಕೆಯಲ್ಲಿ ಕೂತವಳಿಗೆ ಎದೆ ತುಂಬಿದ್ದರೂ ಹಾಲು ಇಳಿಯದು. ಆದ್ದರಿಂದ ಮರೆ ಎಂಬುದು ಪರ್ದಾದ ವಿಷಯ ಮಾತ್ರವಲ್ಲ, ಆರೋಗ್ಯದ ವಿಷಯವೂ ಹೌದು.

ಎಂಥ ಜಾಗ ಬೇಕು?

ಶೌಚಾಲಯ ಖಂಡಿತ ಬೇಡ. ಅದು ಮಗುವಿನ ಆಹಾರ ತಯಾರಾಗುವ ಜಾಗವಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು, ಪರದೆ ಇರುವ ಕಿಟಕಿ, ಒರಗಿ ಕೂರಲು ಕುರ್ಚಿ, ಒಂದು ಮೇಜು, ಹತ್ತಿರದಲ್ಲಿ ನೀರು ಮತ್ತು ಸಾಬೂನು ಇದ್ದರೆ ಸಾಕು. ಕೋಣೆಯಲ್ಲಿ ಸಿಸಿಟಿವಿ ಕ್ಯಾಮೆರಾ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಕಾರ್ಖಾನೆಯಲ್ಲಾದರೆ ಶಿಶುಪಾಲನಾ ಕೇಂದ್ರ, ಪ್ರಥಮ ಚಿಕಿತ್ಸೆಯ ಕೋಣೆ ಅಥವಾ ಹೆಂಗಸರ ವಿಶ್ರಾಂತಿ ಕೋಣೆಯ ಒಂದು ಮೂಲೆಗೆ ಪರದೆ ಕಟ್ಟಬಹುದು. ಶಾಲೆಯಲ್ಲಾದರೆ ಪಾಠವಿಲ್ಲದ ಹೊತ್ತಿನ ಪ್ರಯೋಗಾಲಯ ಅಥವಾ ಗ್ರಂಥಾಲಯದ ಕೋಣೆ ಆದೀತು. ಸಣ್ಣ ಅಂಗಡಿಯಲ್ಲಾದರೆ ಸಾಮಾನಿನ ಕೋಣೆಯನ್ನು ಗುಡಿಸಿ ಒರೆಸಿ ಬಳಸಬಹುದು, ಇಲ್ಲವೇ ಪಕ್ಕದ ಮನೆಯ ಹೆಂಗಸರನ್ನು ಕೇಳಬಹುದು. ಏನೂ ಸಿಗದಿದ್ದಾಗ ಗೋಡೆಗೆ ಮುಖಮಾಡಿ ಕೂತು ದೊಡ್ಡ ದುಪಟ್ಟಾ ಹೊದ್ದು, ಗೆಳತಿಯೊಬ್ಬಳನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ತೆಗೆಯುವುದೂ ಒಂದು ದಾರಿ.

ಕೇಳುವ ಹಕ್ಕು ಇದೆಯೇ?

ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯು ಮಗುವಿಗೆ 15 ತಿಂಗಳಾಗುವವರೆಗೆ, ವಿಶ್ರಾಂತಿಯ ವೇಳೆಯಲ್ಲದೆ, ಹಾಲೂಡಿಸಲು ದಿನಕ್ಕೆ ಎರಡು ಬಿಡುವುಗಳನ್ನು ಕೊಟ್ಟಿತು. 2017ರ ತಿದ್ದುಪಡಿಯು ಮೊದಲೆರಡು ಮಕ್ಕಳಿಗೆ ವೇತನಸಹಿತ ರಜೆಯನ್ನು 26 ವಾರಗಳಿಗೆ ಏರಿಸಿತು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಸೌಲಭ್ಯಗಳಿವೆ. 'ಹಾಲು ತೆಗೆಯುವ ಕೋಣೆ' ಎಂಬ ಮಾತು 1961ರ ಕಾಯ್ದೆಯಲ್ಲಿಲ್ಲ. ಮಗು ಹತ್ತಿರವಿಲ್ಲದಿದ್ದರೆ ಹಾಲೂಡಿಸುವ ಬಿಡುವನ್ನೇ ಹಾಲು ತೆಗೆಯಲು ಕೇಳಿಕೊಳ್ಳಿ.

ಬೆಂಗಳೂರಿನ ಆಸ್ಪತ್ರೆಯಿಂದ ಕಳವಾಗಿದ್ದ ಕೂಸೊಂದರ ಪ್ರಕರಣದಲ್ಲಿ 2021ರಲ್ಲಿ ಕರ್ನಾಟಕ ಹೈಕೋರ್ಟ್, ಹಾಲೂಡಿಸುವುದು ತಾಯಿಯಿಂದ ಕಿತ್ತುಕೊಳ್ಳಲಾಗದ ಹಕ್ಕು, ಸಂವಿಧಾನದ 21ನೇ ವಿಧಿ ಅದನ್ನು ರಕ್ಷಿಸುತ್ತದೆ ಎಂದಿತು. ಆ ಕೂಸಿನ ಹೆತ್ತ ತಾಯಿ ಒಬ್ಬ ಮುಸ್ಲಿಂ ಹೆಣ್ಣುಮಗಳು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ಸ್ಥಳಗಳಲ್ಲಿ ಹಾಲೂಡಿಸುವ ಕೋಣೆಗಳಿರುವಂತೆ ರಾಜ್ಯಗಳು ನೋಡಿಕೊಳ್ಳಬೇಕೆಂದು ಹೇಳಿತು.

ಕೇಳುವಾಗ ಸಂಕೋಚ ಬೇಡ. ರಜೆ ಮುಗಿಯುವ ಎರಡು ವಾರ ಮುಂಚೆಯೇ ಮೇಲ್ವಿಚಾರಕಿ ಅಥವಾ ವೆಲ್ಫೇರ್ ಆಫೀಸರ್ ಬಳಿ ಹೋಗಿ. "ಮೇಡಂ, ಮಗುವಿಗೆ ಹಾಲು ತೆಗೆದಿಡಬೇಕು. ದಿನಕ್ಕೆ ಎರಡು ಸಲ, ಬಾಗಿಲು ಹಾಕಿಕೊಳ್ಳುವಂಥ ಕೋಣೆ ಬೇಕು" ಎಂದರೆ ಸಾಕು. ಇಂಥ ತಾಯಂದಿರು ಇಬ್ಬರು ಮೂವರು ಸೇರಿ ಬರೆದುಕೊಟ್ಟರೆ ಮಾತಿಗೆ ತೂಕ ಹೆಚ್ಚು.

ತೆಗೆಯುವುದು ಹೇಗೆ?

ಪಂಪ್ ಇರಲೇಬೇಕೆಂದಿಲ್ಲ, ಕೈ ಸಾಕು. ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ಕುದಿಸಿ ಶುಚಿ ಮಾಡಿದ ಅಗಲ ಬಾಯಿಯ ಸ್ಟೀಲ್ ಲೋಟ ಅಥವಾ ಡಬ್ಬಿ ಇಟ್ಟುಕೊಳ್ಳಿ. ಎದೆಯನ್ನು ಮೆಲ್ಲಗೆ ನೀವಿ. ಹೆಬ್ಬೆರಳನ್ನು ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಮೇಲಂಚಿನಲ್ಲಿ, ಉಳಿದ ಬೆರಳುಗಳನ್ನು ಕೆಳಗಿಟ್ಟು, ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಟ್ಟಿಗೆ ಅದುಮಿ ಬಿಡಿ. ತೊಟ್ಟನ್ನು ಎಳೆಯಬೇಡಿ, ಚರ್ಮ ಉಜ್ಜಬೇಡಿ. ಒಂದೊಂದು ಎದೆಗೆ ಮೂರರಿಂದ ಐದು ನಿಮಿಷದಂತೆ ಬದಲಾಯಿಸುತ್ತ ಇಪ್ಪತ್ತು ಮೂವತ್ತು ನಿಮಿಷ ತೆಗೆಯಿರಿ. ಸುಮಾರು ಮೂರು ಗಂಟೆಗೊಮ್ಮೆ ತೆಗೆದರೆ ಒಳ್ಳೆಯದು. ಮೊದಲ ದಿನಗಳಲ್ಲಿ ನಾಲ್ಕು ಚಮಚವೇ ಬಂದರೂ ಕೈಬಿಡಬೇಡಿ. ಕೆಲಸಕ್ಕೆ ಸೇರುವ ಮುಂಚೆ ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ.

ಜೋಪಾನ ಮಾಡುವುದು ಹೇಗೆ?

ಡೇರಿಗೆ ಹಾಲು ಹಾಕುವ ನಮ್ಮ ಮಂಡ್ಯ ಸೀಮೆಯವರಿಗೆ ಶುಚಿಯಾದ ಪಾತ್ರೆ, ಬೇಗ ತಂಪು ಮಾಡುವ ಮಹತ್ವ ಹೊಸದಾಗಿ ಹೇಳಬೇಕಿಲ್ಲ. ಎದೆಹಾಲಿಗೂ ಅದೇ ನಿಯಮ. 25 ಡಿಗ್ರಿವರೆಗಿನ ಸೆಖೆಯಲ್ಲಿ ಇದು ನಾಲ್ಕು ಗಂಟೆ ಕೆಡದೆ ಇರುತ್ತದೆ. ನಮ್ಮ ಬೇಸಿಗೆಯಲ್ಲಿ ಅಷ್ಟು ನಂಬಬೇಡಿ, ಮಂಜುಗಡ್ಡೆಯ ಪೊಟ್ಟಣಗಳ ನಡುವೆ ಕೂಲ್ ಬ್ಯಾಗಿನಲ್ಲಿಡಿ. ಹೀಗಿಟ್ಟರೆ 24 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ ಇರುತ್ತದೆ. ಬಾಗಿಲಿನ ಅರೆಯಲ್ಲಿ ಇಡಬೇಡಿ.

ಡಬ್ಬಿಯ ಮೇಲೆ ಹೆಸರು, ದಿನಾಂಕ, ವೇಳೆ ಬರೆಯಿರಿ. ಹಾಲಿನ ಸಂಬಂಧವನ್ನು ಶರೀಅತ್ ಗಂಭೀರವಾಗಿ ಕಾಣುವುದರಿಂದ ಒಬ್ಬರ ಹಾಲು ಇನ್ನೊಬ್ಬರ ಮಗುವಿಗೆ ಹೋಗದಂತೆ ಎಚ್ಚರ ಬೇಕು.

ಕೊಡುವಾಗ ಒಲೆಯ ಮೇಲೆ ಕಾಯಿಸಬೇಡಿ, ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಿ. ಬಾಟಲಿಗಿಂತ ಒಳಲೆ ಅಥವಾ ಸಣ್ಣ ಬಟ್ಟಲು ಲೇಸು, ತೊಳೆಯಲು ಸುಲಭ. ಮಗು ಕುಡಿದು ಉಳಿದದ್ದನ್ನು ಎರಡು ಗಂಟೆಯ ಮೇಲೆ ಇಡಬೇಡಿ.

ನಮಾಝಿನ ಸಂದೇಹ

ಹಾಲು ತಾಗಿದ ಬಟ್ಟೆಯಲ್ಲಿ ನಮಾಝ್ ಆಗುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ತಾಯಿಯ ಹಾಲು ಪಾಕ್, ಅದು ನಜಸ್ ಅಲ್ಲ. ಹಾಲು ತೆಗೆಯುವುದರಿಂದ ವುಝೂ ಮುರಿಯುವುದಿಲ್ಲ, ಉಪವಾಸವೂ ಮುರಿಯುವುದಿಲ್ಲ.

ಮನೆಯವರ ಪಾಲು

ತಾಯಿಯೊಬ್ಬಳಿಂದಲೇ ಇದು ಆಗದು. ಮನೆಯಲ್ಲಿರುವ ಅಜ್ಜಿಯಂದಿರು "ಇಟ್ಟ ಹಾಲು ಕೆಟ್ಟದ್ದು" ಎನ್ನದೆ ಒಳಲೆಯಲ್ಲಿ ಕುಡಿಸಲು ಕಲಿಯಬೇಕು. ಸೂರಃ ಅಲ್ ಬಕರಃದ 233ನೇ ಆಯತ್ ಪೂರ್ತಿ ಎರಡು ವರ್ಷ ಹಾಲೂಡಿಸುವ ಮಾತಾಡುತ್ತದೆ. ಹಾಲೂಡಿಸುವ ತಾಯಿಯ ಅನ್ನ, ಬಟ್ಟೆಯ ಹೊಣೆಯನ್ನು ಅಲ್ಲೇ ತಂದೆಯ ಮೇಲೆ ಹೊರಿಸುತ್ತದೆ. ಬೆಳಿಗ್ಗೆ ಡಬ್ಬಿ ಕುದಿಸಿಕೊಡುವುದು, ಮಂಜುಗಡ್ಡೆ ಸಿದ್ಧ ಮಾಡುವುದು, ಕೋಣೆಗಾಗಿ ಅರ್ಜಿ ಬರೆದುಕೊಡುವುದು ಗಂಡನಿಂದ ಆಗುವ ಕೆಲಸಗಳೇ. ನಿಮ್ಮ ಅಂಗಡಿ, ಶಾಲೆ, ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳು ಕೆಲಸಕ್ಕಿದ್ದರೆ ಅವರು ಕೇಳುವ ತನಕ ಕಾಯಬೇಡಿ. ಒಂದು ಚಿಲಕ, ಒಂದು ಪರದೆ, ಒಂದು ಕುರ್ಚಿ ಇಂದೇ ಹಾಕಿಸಿ.